ಚರ್ಮದ ಕ್ಯಾನ್ಸರ್ ಆಪರೇಷನ್: ಬಯಾಪ್ಸಿಯಿಂದ ಅಂಚಿನ ರಿಪೋರ್ಟ್‌ವರೆಗೆ

“ಅಮ್ಮನ ಮೂಗಿನ ಪಕ್ಕದ ಕಪ್ಪು ಗಂಟು ಕ್ಯಾನ್ಸರ್ ಅಂತ ಬಂದಿದೆ. ಆಪರೇಷನ್ ಅಂದ್ರೆ ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು? ಮುಖ ಕೆಡುತ್ತಾ? ಕತ್ತರಿ ಮುಟ್ಟಿಸಿದ್ರೆ ಹರಡುತ್ತಂತೆ, ನಿಜಾನಾ?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೊನೆಯದಕ್ಕೆ ಮೊದಲು ಉತ್ತರ: ಬಯಾಪ್ಸಿಯಿಂದಾಗಲೀ (ಪರೀಕ್ಷೆಗೆಂದು ಚೂರು ತೆಗೆಯುವುದು) ಸರಿಯಾಗಿ ಮಾಡಿದ ಆಪರೇಷನ್‌ನಿಂದಾಗಲೀ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ಚಿಕಿತ್ಸೆ ಮಾಡಿಸದೆ ಕಾದಾಗ, ಅಥವಾ ಅರ್ಧಂಬರ್ಧ ತೆಗೆದಾಗ.

ಬಹುಪಾಲು ಸಣ್ಣ ಗಂಟುಗಳನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿ ತೆಗೆಯುತ್ತಾರೆ. ಒಂದರಿಂದ ಎರಡು ಗಂಟೆಯ ಕೆಲಸ, ಸಂಜೆಗೆ ಮನೆ. ಆದರೆ ಹೊಲಿಗೆ ಬಿಚ್ಚಿದ ದಿನಕ್ಕೇ ಚಿಕಿತ್ಸೆ ಮುಗಿಯಿತು ಎಂದುಕೊಂಡು ಎಷ್ಟೋ ಜನ ಮತ್ತೆ ಆಸ್ಪತ್ರೆಯ ಕಡೆ ಹೋಗುವುದಿಲ್ಲ. ಕತ್ತರಿಸಿದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಕಣ ಉಳಿದಿಲ್ಲ ಎಂಬ ರಿಪೋರ್ಟ್ ಕೈಗೆ ಬಂದು, ಅದನ್ನು ವೈದ್ಯರು ನಿಮ್ಮೆದುರು ಓದಿ ಹೇಳುವವರೆಗೆ ಆಪರೇಷನ್ ಮುಗಿದಿಲ್ಲ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಓದಿ.

ಹಂತ 1: ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿದುಕೊಳ್ಳಿ

ಚರ್ಮದ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಆಪರೇಷನ್ ಎಷ್ಟು ದೊಡ್ಡದು ಎಂಬುದನ್ನು ಇದೇ ನಿರ್ಧರಿಸುತ್ತದೆ.

ಬೇಸಲ್ ಸೆಲ್ ಕಾರ್ಸಿನೋಮ, ಚಿಕ್ಕದಾಗಿ ಬಿಸಿಸಿ. ಹೆಚ್ಚಾಗಿ ಮುಖದ ಮೇಲೆ ಬರುತ್ತದೆ: ಮೂಗು, ಕಣ್ಣಿನ ಒಳಮೂಲೆ, ರೆಪ್ಪೆ, ಕೆನ್ನೆ. ಬಿಳಿಯರಲ್ಲಿ ಇದು ಮುತ್ತಿನ ಹೊಳಪಿನ ಗುಲಾಬಿ ಗುಳ್ಳೆಯಾಗಿ ಕಂಡರೆ ನಮ್ಮ ಮೈಬಣ್ಣದವರಲ್ಲಿ ಬಹಳ ಸಲ ಕಪ್ಪಗೇ ಇರುತ್ತದೆ. ಅದಕ್ಕೇ ಮಚ್ಚೆ ಎಂದುಕೊಂಡು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ನಿಧಾನಕ್ಕೆ ಬೆಳೆಯುತ್ತದೆ, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಆದರೆ ಇದ್ದ ಜಾಗದಲ್ಲೇ ಒಳಗೆ ಕೊರೆಯುತ್ತಾ ಹೋಗಿ ಮೂಗಿನ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನಬಲ್ಲದು.

ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಎಸ್‌ಸಿಸಿ. ಹಳೆಯ ಸುಟ್ಟಗಾಯದ ಕಲೆ, ಬಹುಕಾಲ ಮಾಯದ ಕಾಲಿನ ಹುಣ್ಣು, ಲಂಗದ ಲಾಡಿಯೋ ಪಂಚೆಯ ಬಿಗಿತವೋ ಸೊಂಟದಲ್ಲಿ ವರ್ಷಾನುಗಟ್ಟಲೆ ಉಜ್ಜಿ ಆದ ಗಾಯ, ಇಂಥ ಕಡೆ ಹುಟ್ಟಬಹುದು. ಇದು ಹತ್ತಿರದ ದುಗ್ಧಗ್ರಂಥಿಗಳಿಗೆ ಹರಡಬಲ್ಲದು. ದುಗ್ಧಗ್ರಂಥಿಗಳೆಂದರೆ ಕತ್ತು, ಕಂಕುಳು, ತೊಡೆಸಂದುಗಳಲ್ಲಿರುವ ಸಣ್ಣ ಗಂಟುಗಳು.

ಮೆಲನೋಮ. ಮೂರರಲ್ಲಿ ಅಪಾಯ ಹೆಚ್ಚಿನದು. ನಮ್ಮಲ್ಲಿ ಇದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಹೆಚ್ಚು ಕಾಣುತ್ತದೆ. ಅಂಗಾಲಿನ ಕಪ್ಪನ್ನು ‘ಆಣಿ’ ಎಂದು ಬ್ಲೇಡಿನಿಂದ ಕೆರೆದು, ಆಣಿ ಪಟ್ಟಿ ಅಂಟಿಸಿ ತಿಂಗಳುಗಳನ್ನು ಕಳೆಯುವುದು ದುಬಾರಿ ತಪ್ಪು.

ಹಂತ 2: ಬಯಾಪ್ಸಿ ಇಲ್ಲದೆ ಏನನ್ನೂ ತೆಗೆಸಬೇಡಿ

ಬಯಾಪ್ಸಿ ಎಂದರೆ ಗಂಟಿನ ಒಂದು ಚೂರನ್ನು, ಅಥವಾ ಇಡೀ ಗಂಟನ್ನು, ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸಾಮಾನ್ಯವಾಗಿ 3ರಿಂದ 4 ಮಿ.ಮೀ. ಅಗಲದ ದುಂಡನೆಯ ಬ್ಲೇಡಿನಿಂದ ಚೂರು ತೆಗೆಯುತ್ತಾರೆ. ಇದಕ್ಕೆ ಪಂಚ್ ಬಯಾಪ್ಸಿ ಎನ್ನುತ್ತಾರೆ. ಹತ್ತು ನಿಮಿಷದ ಕೆಲಸ, ಒಂದೆರಡು ಹೊಲಿಗೆ. ಮೆಲನೋಮದ ಅನುಮಾನವಿದ್ದರೆ ಸಾಧ್ಯವಾದಷ್ಟೂ ಇಡೀ ಮಚ್ಚೆಯನ್ನೇ ತೆಗೆಯುತ್ತಾರೆ. ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬ ಅಳತೆಯ ಮೇಲೆ ಮುಂದಿನದೆಲ್ಲ ನಿಂತಿರುವುದೇ ಇದಕ್ಕೆ ಕಾರಣ. ಆ ಅಳತೆಗೆ ಬ್ರೆಸ್ಲೋ ದಪ್ಪ ಎಂದು ಹೆಸರು.

ಇಲ್ಲಿ ಆಗುವ ಅನಾಹುತಗಳನ್ನು ಸ್ಪಷ್ಟವಾಗಿ ಹೇಳಬೇಕು. ಬೆಂಗಳೂರಿನಲ್ಲಿ ಮಚ್ಚೆ ತೆಗೆಯುತ್ತೇವೆಂಬ ಬೋರ್ಡು ಬೀದಿಬೀದಿಯಲ್ಲಿದೆ. ಲೇಸರ್‌ನಿಂದಲೋ ವಿದ್ಯುತ್ತಿನಿಂದ ಸುಡುವ ಕಾಟರಿಯಿಂದಲೋ ಗಂಟನ್ನು ಸುಟ್ಟುಬಿಟ್ಟರೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಮೇಲಿನ ಕಪ್ಪು ಹೋಗಿ, ಕೆಳಗಿನದು ಕಲೆಯ ಅಡಿಯಲ್ಲಿ ಬೆಳೆಯುತ್ತಿರುತ್ತದೆ. ಸುಣ್ಣ, ಗೇರೆಣ್ಣೆ ಹಚ್ಚಿ ಸುಡುವುದೂ ಇದೇ ಸಾಲಿನದು. ಹೊಸದಾಗಿ ಬಂದ, ದೊಡ್ಡದಾಗುತ್ತಿರುವ, ರಕ್ತ ಒಸರುವ, ಮಾಯ್ದಂತಾಗಿ ಮತ್ತೆ ಒಡೆಯುವ ಯಾವುದನ್ನೇ ತೆಗೆಸಿದರೂ ಒಂದು ಮಾತು ಕೇಳಿ: “ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತೀರಾ?” ‘ಬೇಕಾಗಿಲ್ಲ’ ಎಂಬ ಉತ್ತರ ಬಂದರೆ ಎದ್ದು ಬನ್ನಿ.

ಬಯಾಪ್ಸಿಗೆ ಮುಂಚೆ ಫೋನಿನಲ್ಲಿ ಆ ಜಾಗದ ಎರಡು ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಹತ್ತಿರದಿಂದ, ಇನ್ನೊಂದು ಕಣ್ಣು, ಕಿವಿ, ಮೂಗು ಕಾಣುವಷ್ಟು ದೂರದಿಂದ. ಸಣ್ಣ ಬಯಾಪ್ಸಿ ಗಾಯ ಮೂರ್ನಾಲ್ಕು ವಾರದಲ್ಲಿ ಮಾಯ್ದು, ಆಪರೇಷನ್ ದಿನ ಜಾಗ ಯಾವುದೆಂದೇ ಗೊತ್ತಾಗದೆ ಹೋಗುವುದುಂಟು.

ಹಂತ 3: ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಬೆಂಗಳೂರಿನಲ್ಲಿ ಸರ್ಕಾರಿ ದಾರಿ ಎಂದರೆ ಮರಿಗೌಡ ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ (ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ). ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ತೋರಿಸಿ, ಅಲ್ಲಿಂದ ಮುಂದೆ ಹೋಗುವವರೂ ಇದ್ದಾರೆ. ಖಾಸಗಿಯಲ್ಲಿ ಈ ಆಪರೇಷನ್ ಮಾಡುವವರು ಕ್ಯಾನ್ಸರ್ ಶಸ್ತ್ರಚಿಕಿತ್ಸಕರು, ಪ್ಲಾಸ್ಟಿಕ್ ಸರ್ಜನ್‌ಗಳು, ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದ ಚರ್ಮವೈದ್ಯರು. ಮುಖದ ಮಧ್ಯಭಾಗದಲ್ಲಿದ್ದರೆ ಪ್ಲಾಸ್ಟಿಕ್ ಸರ್ಜನ್ ಜೊತೆಗಿರುತ್ತಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು. ರೆಪ್ಪೆಯಲ್ಲಿದ್ದರೆ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡುವ ಕಣ್ಣಿನ ವೈದ್ಯರು ಬೇಕಾಗುತ್ತಾರೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟನ್ನು ಯೋಜನೆ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮೊದಲು ಖಾಸಗಿಯಲ್ಲಿ ದಾಖಲಾಗಿ ಆಮೇಲೆ ಚೀಟಿ ತರುತ್ತೇವೆಂದರೆ ನಡೆಯುವುದು ಕಷ್ಟ. ಅನುಮಾನವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಿ. ಖಾಸಗಿ ವಿಮೆ ಇರುವವರು ಇನ್ನೊಂದು ಗಮನಿಸಿ: ‘ಒಪಿಡಿ ಪ್ರೊಸೀಜರ್’ (ದಾಖಲಾಗದೆ ಹೊರರೋಗಿಯಾಗಿ ಮಾಡಿಸಿಕೊಂಡದ್ದು) ಎಂದು ಬಿಲ್ ಆದರೆ ಅನೇಕ ಪಾಲಿಸಿಗಳು ಹಣ ಕೊಡುವುದಿಲ್ಲ. ‘ಡೇ ಕೇರ್’ (ದಾಖಲಾಗಿ ಅದೇ ದಿನ ಮನೆಗೆ ಹೋಗುವುದು) ಎಂದು ದಾಖಲಾಗುತ್ತದೆಯೇ ಎಂದು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ಒಯ್ಯಬೇಕಾದದ್ದು: ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ರಿಪೋರ್ಟಿನ ಮೂಲಪ್ರತಿ, ಜೊತೆಗೆ ಸ್ಲೈಡ್ ಮತ್ತು ಬ್ಲಾಕ್. ಬ್ಲಾಕ್ ಎಂದರೆ ನಿಮ್ಮ ಚರ್ಮದ ಚೂರನ್ನು ಮೇಣದಲ್ಲಿ ಹುದುಗಿಸಿದ ಪುಟ್ಟ ಬಿಲ್ಲೆ, ಸ್ಲೈಡ್ ಎಂದರೆ ಅದರ ತೆಳುಪದರ ಅಂಟಿಸಿದ ಗಾಜಿನ ಪಟ್ಟಿ. ಬಯಾಪ್ಸಿ ಬೇರೆ ಕಡೆ ಆಗಿದ್ದರೆ ಕ್ಯಾನ್ಸರ್ ಆಸ್ಪತ್ರೆಯವರು ಇವನ್ನು ತಾವೇ ಮತ್ತೊಮ್ಮೆ ನೋಡಲು ಕೇಳುತ್ತಾರೆ. ಲ್ಯಾಬ್‌ಗೆ ಅರ್ಜಿ ಕೊಟ್ಟರೆ ಕೊಡುತ್ತಾರೆ. ಇದೊಂದನ್ನು ಮರೆತು ಊರಿಂದ ಬಂದವರು ಬರಿಗೈಲಿ ವಾಪಸು ಹೋಗಿ ಇನ್ನೊಂದು ವಾರ ಕಳೆದುಕೊಳ್ಳುತ್ತಾರೆ. ಹೊರಜಿಲ್ಲೆಯವರಿಗೆ ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ. ದಾಖಲಾತಿ ಸಮಯದಲ್ಲೇ ಕೇಳಿ.

ಹಂತ 4: ಆಪರೇಷನ್‌ಗೆ ಮುಂಚಿನ ಎರಡು ವಾರ

ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ, ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಬಿಳಿ ಗುಳಿಗೆ, ಬೆಳಿಗ್ಗೆ ಒಂದು’ ಎಂದರೆ ಯಾರಿಗೂ ಉಪಯೋಗವಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆಗಳನ್ನು (ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್, ಅಸಿಟ್ರೋಮ್ ಮುಂತಾದವು) ನೀವಾಗಿಯೇ ನಿಲ್ಲಿಸಬೇಡಿ. ಹೃದಯದಲ್ಲಿ ಸ್ಟೆಂಟ್ ಇರುವವರು, ವಾಲ್ವ್ ಹಾಕಿಸಿಕೊಂಡವರು ಹಾಗೆ ನಿಲ್ಲಿಸಿದರೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು. ಚರ್ಮದ ಗಾಯದಲ್ಲಿ ರಕ್ತ ಸ್ವಲ್ಪ ಹೆಚ್ಚು ಹರಿದರೆ ಒತ್ತಿ ನಿಲ್ಲಿಸಬಹುದು, ಅವನ್ನು ಹಾಗೆ ಸರಿಪಡಿಸಲಾಗದು. ಸಣ್ಣ ಆಪರೇಷನ್‌ಗಳನ್ನು ಬಹಳ ಸಲ ಈ ಮಾತ್ರೆ ಮುಂದುವರಿಸಿಕೊಂಡೇ ಮಾಡುತ್ತಾರೆ. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಹೃದಯದ ವೈದ್ಯರೂ ಸರ್ಜನ್ನರೂ ಮಾತಾಡಿಕೊಂಡು ಹೇಳಲಿ. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ ಗುಳಿಗೆ, ನಾಟಿ ಔಷಧಿ ಏನಿದ್ದರೂ ಮುಚ್ಚಿಡದೆ ಹೇಳಿ. ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ.

ಪೇಸ್‌ಮೇಕರ್ ಇದ್ದರೆ ತಪ್ಪದೆ ತಿಳಿಸಿ. ರಕ್ತನಾಳ ಸುಟ್ಟು ಮುಚ್ಚುವ ಕಾಟರಿ ಯಂತ್ರದ ವಿದ್ಯುತ್ ಅದಕ್ಕೆ ಅಡ್ಡಿ ಮಾಡಬಹುದು. ಶುಗರ್ ಇರುವವರು ಎಚ್‌ಬಿಎ1ಸಿ ಮಾಡಿಸಿ. ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ಹೆಚ್ಚಿದ್ದರೆ ಗಾಯ ಕೀವಾಗುವ, ಹೊಲಿಗೆ ಬಿಡುವ ಸಾಧ್ಯತೆ ಹೆಚ್ಚು. ಬಿಸಿಸಿ ಆದರೆ ಸಕ್ಕರೆ ಹತೋಟಿಗೆ ಬರಲು ಕೆಲವು ವಾರ ಕಾಯಬಹುದು. ಮೆಲನೋಮಕ್ಕೆ ಹಾಗೆ ಕಾಯುವಂತಿಲ್ಲ.

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಯಾವುದೇ ಇರಲಿ, ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕಸಿ ಮಾಡಿದ ಚರ್ಮ ಕಪ್ಪಾಗಿ ಸಾಯಲು ಇದು ದೊಡ್ಡ ಕಾರಣ. ಕನಿಷ್ಠ ಎರಡು ವಾರ ಮೊದಲು, ಎರಡು ವಾರ ನಂತರ ಬಿಡಿ. ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

ಹಂತ 5: ಆಪರೇಷನ್ ದಿನ

ಜಾಗವನ್ನಷ್ಟೇ ಮರಗಟ್ಟಿಸುವುದಾದರೆ ತಿಂಡಿ ತಿಂದು, ಬಿಪಿ, ಶುಗರ್ ಮಾತ್ರೆ ನುಂಗಿಯೇ ಬನ್ನಿ. ಬರಿಹೊಟ್ಟೆಯಲ್ಲಿ ಬಂದು ಟೇಬಲ್ ಮೇಲೆ ತಲೆಸುತ್ತು ಬರುವವರೇ ಹೆಚ್ಚು. ಪೂರ್ತಿ ಪ್ರಜ್ಞೆ ತಪ್ಪಿಸುವುದಾದರೆ ಲೆಕ್ಕ ಬೇರೆ: ಗಟ್ಟಿ ಆಹಾರ, ಹಾಲು, ಹಾಲು ಹಾಕಿದ ಕಾಫಿ 6 ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು 2 ಗಂಟೆ ಮೊದಲು. ಆ ದಿನ ಶುಗರ್ ಮಾತ್ರೆಯನ್ನು ಏನು ಮಾಡಬೇಕೆಂದು ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಕೇಳಿ.

ಮುಂದೆ ಗುಂಡಿ ಇರುವ ಅಂಗಿ ಹಾಕಿ. ತಲೆಯ ಮೇಲಿಂದ ಎಳೆಯುವ ಬಟ್ಟೆ ಮುಖದ ಬ್ಯಾಂಡೇಜನ್ನು ಕಿತ್ತುಕೊಂಡು ಹೋಗುತ್ತದೆ. ಕುಂಕುಮ, ವಿಭೂತಿ, ಕ್ರೀಮು, ಉಗುರುಬಣ್ಣ ಬೇಡ. ಮೂಗುತಿ ಬಿಗಿಯಾಗಿದ್ದರೆ ಹಿಂದಿನ ದಿನವೇ ಎಣ್ಣೆ ಹಾಕಿ ತೆಗೆಸಿ. ಜೊತೆಗೊಬ್ಬರು ಇರಲಿ. ದ್ವಿಚಕ್ರ ವಾಹನದಲ್ಲಿ ಬರಬೇಡಿ, ಹಿಂದೆ ಕೂರುವುದೂ ಬೇಡ: ತಲೆ, ಕಿವಿ, ಹಣೆಯ ಗಾಯದ ಮೇಲೆ ಹೆಲ್ಮೆಟ್ ಹಾಕಲಾಗದು, ಹೆಲ್ಮೆಟ್ ಇಲ್ಲದೆ ಹೋಗಲೂ ಆಗದು.

ಒಳಗೆ ನಡೆಯುವುದು ಹೀಗೆ. ಮೊದಲು ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಿ. ಯಾವ ಕಡೆ, ಎಷ್ಟು ಅಗಲ, ಹೇಗೆ ಮುಚ್ಚುತ್ತಾರೆ, ಯಾವ ನರಕ್ಕೆ ಅಪಾಯ, ಇಷ್ಟನ್ನು ಕೇಳಿ. ಕಣತಲೆಯ ಬಳಿ ಹುಬ್ಬು ಎತ್ತುವ ನರ ಹಾದುಹೋಗುತ್ತದೆ, ಕತ್ತಿನ ಪಕ್ಕದಲ್ಲಿ ಭುಜ ಎತ್ತುವ ನರ. ಅಲ್ಲಿ ಗಂಟಿದ್ದರೆ ಈ ಪ್ರಶ್ನೆ ಮುಖ್ಯ. ಆಮೇಲೆ ಸರ್ಜನ್ ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಕನ್ನಡಿ ಕೇಳಿ, ಅದೇ ಜಾಗವೇ ಎಂದು ಫೋಟೊ ಜೊತೆ ತಾಳೆ ನೋಡಿ.

ಮರಗಟ್ಟಿಸುವ ಔಷಧ ಲಿಗ್ನೋಕೇನ್. ರಕ್ತ ಕಡಿಮೆ ಹರಿಯಲೆಂದು ಸಾಮಾನ್ಯವಾಗಿ ಅಡ್ರಿನಲಿನ್ ಬೆರೆಸಿರುತ್ತಾರೆ. ಚುಚ್ಚುವಾಗ ಅರ್ಧ ನಿಮಿಷ ಉರಿಯುತ್ತದೆ, ಇಡೀ ಆಪರೇಷನ್‌ನಲ್ಲಿ ನೋವು ಎನ್ನುವುದು ಅಷ್ಟೇ. ಅಡ್ರಿನಲಿನ್‌ನಿಂದ ಎದೆ ಡವಗುಟ್ಟಿ ಕೈ ನಡುಗಿದರೆ ಹೆದರಬೇಡಿ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಆದರೂ ಹೇಳಿ. ಕಿವಿಯಲ್ಲಿ ಗುಂಯ್‌ಗುಡುವುದು, ನಾಲಿಗೆ ದಪ್ಪವಾದಂತಾಗುವುದು, ಬಾಯಲ್ಲಿ ಲೋಹದ ರುಚಿ ಬಂದರೆ ತಕ್ಷಣ ಹೇಳಬೇಕು. ಔಷಧ ರಕ್ತಕ್ಕೆ ಹೆಚ್ಚಾಗಿರುವ ಲಕ್ಷಣ ಅದು. ಈ ಔಷಧಕ್ಕೆ ಮಿತಿ ಇದೆ. 60 ಕೆ.ಜಿ. ತೂಕದವರಿಗೆ ಅಡ್ರಿನಲಿನ್ ಬೆರೆಸಿದ ಶೇ 2ರ ಲಿಗ್ನೋಕೇನ್ ಸುಮಾರು 20 ಮಿ.ಲೀ. ದಾಟಬಾರದು. ದೊಡ್ಡ ಗಾಯಗಳಿಗೆ ಪೂರ್ತಿ ಅರಿವಳಿಕೆ ಕೇಳುವುದಕ್ಕೆ ಇದೂ ಒಂದು ಕಾರಣ. ಮರಗಟ್ಟಿದ ಮೇಲೂ ಎಳೆತ, ಒತ್ತಡ ಗೊತ್ತಾಗುತ್ತದೆ, ಕಾಟರಿಯ ಸುಟ್ಟ ವಾಸನೆ ಬರುತ್ತದೆ. ಚುರುಕ್ ಎಂಬ ನೋವು ಮಾತ್ರ ಬರಬಾರದು. ಬಂದರೆ ಸಹಿಸಿಕೊಳ್ಳಬೇಡಿ, ಇನ್ನಷ್ಟು ಔಷಧ ಹಾಕುತ್ತಾರೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: “ಕಡಲೆಕಾಳಿನಷ್ಟು ಗಂಟಿಗೆ ಇಷ್ಟುದ್ದ ಹೊಲಿಗೆ ಯಾಕೆ?” ಕ್ಯಾನ್ಸರ್ ಗರಿಕೆ ಹುಲ್ಲಿನ ಹಾಗೆ, ಮೇಲೆ ಕಾಣುವ ಕುಚ್ಚು ಸಣ್ಣದು, ಬೇರು ಸುತ್ತ ಹಬ್ಬಿರುತ್ತದೆ. ಅದಕ್ಕೇ ಕಾಣುವ ಅಂಚಿನಾಚೆಗೂ ಒಂದಿಷ್ಟು ಒಳ್ಳೆಯ ಚರ್ಮವನ್ನು ಸೇರಿಸಿ ತೆಗೆಯಬೇಕು. ಸಣ್ಣ, ಕಡಿಮೆ ಅಪಾಯದ ಬಿಸಿಸಿಗೆ ಸುತ್ತ 4 ಮಿ.ಮೀ. ಎಸ್‌ಸಿಸಿಗೆ 4ರಿಂದ 6 ಮಿ.ಮೀ., ಅಪಾಯ ಹೆಚ್ಚಿದ್ದರೆ ಇನ್ನೂ ಅಗಲ. ಮೆಲನೋಮ 1 ಮಿ.ಮೀ.ವರೆಗಿನ ದಪ್ಪದ್ದಾದರೆ ಸುತ್ತ 1 ಸೆಂ.ಮೀ., 2 ಮಿ.ಮೀ. ದಾಟಿದರೆ 2 ಸೆಂ.ಮೀ. ಈಗ ಲೆಕ್ಕ ಹಾಕಿ: 8 ಮಿ.ಮೀ. ಗಂಟು, ಎರಡೂ ಕಡೆ ನಾಲ್ಕು ನಾಲ್ಕು ಸೇರಿದರೆ 16 ಮಿ.ಮೀ. ದುಂಡನೆಯ ಗಾಯವನ್ನು ಹಾಗೇ ಎಳೆದು ಹೊಲಿದರೆ ಎರಡೂ ತುದಿಯಲ್ಲಿ ಚರ್ಮ ಗೋಪುರದಂತೆ ಉಬ್ಬುತ್ತದೆ. ಹಾಗಾಗಬಾರದೆಂದು ದೋಣಿಯಾಕಾರದಲ್ಲಿ, ಅಗಲದ ಮೂರರಷ್ಟು ಉದ್ದಕ್ಕೆ ಕತ್ತರಿಸುತ್ತಾರೆ. ಅಲ್ಲಿಗೆ ಸುಮಾರು 5 ಸೆಂ.ಮೀ. ಆಯಿತು. ಆ ಅಂಚಿನ ವಿಷಯದಲ್ಲಿ ‘ಸ್ವಲ್ಪ ಕಡಿಮೆ ಮಾಡಿ ಡಾಕ್ಟ್ರೇ, ಮುಖ’ ಎಂದು ಚೌಕಾಶಿಗೆ ಇಳಿಯಬೇಡಿ.

ಮುಖದಲ್ಲಿ ಚರ್ಮ ಉಳಿಸಬೇಕಾದ ಕಡೆ ಇನ್ನೊಂದು ವಿಧಾನ ಇದೆ: ಮೋಸ್ ಶಸ್ತ್ರಚಿಕಿತ್ಸೆ. ತೆಳುವಾದ ಒಂದು ಪದರ ತೆಗೆದು, ಅದರ ಇಡೀ ಅಂಚು ಮತ್ತು ತಳವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಉಳಿದ ಮೂಲೆಯಲ್ಲಿ ಮಾತ್ರ ಮತ್ತೊಂದು ಪದರ ತೆಗೆಯುತ್ತಾರೆ. ಪ್ರತಿ ಸುತ್ತಿಗೂ ಒಂದು ಗಂಟೆ ಹಿಡಿಯಬಹುದು, ಇಡೀ ದಿನವೂ ಆಗಬಹುದು. ಮೊದಲ ಸಲದ ಬಿಸಿಸಿಯಲ್ಲಿ ಶೇ 99ರ ಆಸುಪಾಸಿನಷ್ಟು ಗುಣವಾಗುವ ವಿಧಾನ ಇದು. ನಮ್ಮ ದೇಶದಲ್ಲಿ ಇದನ್ನು ಮಾಡುವವರು ಕಡಿಮೆ. ಸಿಗದಿದ್ದರೆ ‘ಫ್ರೋಜನ್ ಸೆಕ್ಷನ್’ ಇದೆಯೇ ಎಂದು ಕೇಳಿ: ಅಂಚಿನ ಚೂರುಗಳನ್ನು ಹೆಪ್ಪುಗಟ್ಟಿಸಿ 20ರಿಂದ 30 ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಇದು ಮೋಸ್‌ನಷ್ಟು ಪೂರ್ಣವಲ್ಲ. ಇಡೀ ಅಂಚಿನ ಬದಲು ಆಯ್ದ ಭಾಗಗಳನ್ನಷ್ಟೇ ನೋಡಿದಂತಾಗುತ್ತದೆ.

ಮೆಲನೋಮ ಸುಮಾರು 1 ಮಿ.ಮೀ.ಗಿಂತ ದಪ್ಪವಿದ್ದರೆ ಅದೇ ಹೊತ್ತಿಗೆ ಸೆಂಟಿನಲ್ ನೋಡ್ ಬಯಾಪ್ಸಿಯನ್ನೂ ಸೂಚಿಸುತ್ತಾರೆ. ಕ್ಯಾನ್ಸರ್ ಹರಡುವುದಾದರೆ ಮೊದಲು ಸೇರುವ ದುಗ್ಧಗ್ರಂಥಿಯನ್ನು ಬಣ್ಣ ಹಾಕಿ ಪತ್ತೆಹಚ್ಚಿ ತೆಗೆದು ನೋಡುವುದು. ಆ ನೀಲಿ ಬಣ್ಣದಿಂದ ಒಂದೆರಡು ದಿನ ಮೂತ್ರ ಹಸಿರು ನೀಲಿಯಾಗಿ ಬರುತ್ತದೆ. ಗಾಬರಿ ಬೇಡ.

ಹಂತ 6: ಗಾಯ ಹೇಗೆ ಮುಚ್ಚುತ್ತಾರೆ

ಚರ್ಮ ಸಡಿಲವಾಗಿದ್ದರೆ ನೇರ ಹೊಲಿಗೆ. ಒಳಪದರಕ್ಕೆ ತಾನೇ ಕರಗುವ ದಾರ, ಮೇಲೆ ನೈಲಾನ್. ಜಾಗ ಬಿಗಿಯಾಗಿದ್ದರೆ ಫ್ಲ್ಯಾಪ್: ಪಕ್ಕದ ಚರ್ಮವನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ಕೂರಿಸುವುದು. ಹಣೆಯ ಚರ್ಮದಿಂದ ಮೂಗು ಕಟ್ಟುವ ಫ್ಲ್ಯಾಪ್‌ನಲ್ಲಿ ಎರಡು ಮೂರು ವಾರ ಹುಬ್ಬಿನಿಂದ ಮೂಗಿಗೆ ಚರ್ಮದ ಸೇತುವೆ ಇರುತ್ತದೆ. ಅದನ್ನು ಕತ್ತರಿಸಲು ಇನ್ನೊಂದು ಆಪರೇಷನ್. ಇದನ್ನು ಮೊದಲೇ ತಿಳಿಯದೆ ಕನ್ನಡಿ ನೋಡಿಕೊಂಡವರು ಕುಸಿದುಹೋಗುತ್ತಾರೆ. ಮನೆಯವರಿಗೂ ಮಕ್ಕಳಿಗೂ ಮುಂಚೆಯೇ ಹೇಳಿಡಿ.

ಚರ್ಮದ ಕಸಿಯಲ್ಲಿ ತೊಡೆಯಿಂದ ತೆಳುಪದರ ಅಥವಾ ಕಿವಿಯ ಹಿಂದಿನಿಂದ ಪೂರ್ತಿ ದಪ್ಪದ ಚರ್ಮ ತೆಗೆದು ಹಚ್ಚುತ್ತಾರೆ. ಅದರ ಮೇಲೆ ಹತ್ತಿಯ ಉಂಡೆಯನ್ನು ಹೊಲಿದು ಬಿಗಿದಿರುತ್ತಾರೆ, 5ರಿಂದ 7 ದಿನ ಅದನ್ನು ಮುಟ್ಟಬಾರದು. ಕಸಿಗಿಂತ ತೊಡೆಯ ಗಾಯವೇ ಹೆಚ್ಚು ನೋಯುತ್ತದೆ, ಅದು ಮಾಯಲು 10ರಿಂದ 14 ದಿನ ಬೇಕು.

ಹಂತ 7: ಮನೆಯಲ್ಲಿ ಮೊದಲ ಎರಡು ವಾರ

ಮೊದಲ 48 ಗಂಟೆ ಬ್ಯಾಂಡೇಜ್ ಒದ್ದೆಯಾಗಬಾರದು, ಬಿಚ್ಚಬಾರದು. ಮುಖದ ಗಾಯವಾದರೆ ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಹಣೆ, ಮೂಗಿನ ಆಪರೇಷನ್ ಆದ ಎರಡನೇ ಮೂರನೇ ದಿನ ಕಣ್ಣು ಊದಿಕೊಂಡು ಕಪ್ಪುಗಟ್ಟುವುದು ಸಹಜ, ವಾರದಲ್ಲಿ ಇಳಿಯುತ್ತದೆ. ಬಗ್ಗಿ ಗುಡಿಸುವುದು, ನೀರಿನ ಕ್ಯಾನ್ ಎತ್ತುವುದು, ಮುಕ್ಕರಿಸುವುದು, ಬಿಸಿಬಿಸಿ ಸ್ನಾನ ಎರಡು ವಾರ ಬೇಡ. ಮಲಬದ್ಧತೆ ಇದ್ದರೆ ಅದಕ್ಕೂ ಔಷಧ ಕೇಳಿ ಪಡೆಯಿರಿ. ಅಂಗಾಲಿನ ಗಾಯದವರು ಕಾಲೂರುವಂತಿಲ್ಲ, ಕೂತಾಗ ಕಾಲು ಎದೆಯ ಮಟ್ಟಕ್ಕೆ ಎತ್ತಿಡಿ.

ನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಒಂದು ಅಥವಾ ಎರಡು ಗುಳಿಗೆ, ಆರು ಗಂಟೆಗೊಮ್ಮೆ; ದಿನಕ್ಕೆ 4 ಗ್ರಾಂ ಮೀರಬಾರದು. ವಯಸ್ಸಾದವರು, ತೂಕ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರು, ಮದ್ಯ ಸೇವಿಸುವವರು ಇದಕ್ಕಿಂತ ಕಡಿಮೆ ತೆಗೆದುಕೊಳ್ಳಬೇಕು. ಎಷ್ಟೆಂದು ವೈದ್ಯರಿಂದ ಬರೆಸಿಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಬ್ರುಫೆನ್, ಡೈಕ್ಲೋಫೆನಾಕ್ ನುಂಗಬೇಡಿ. ರಕ್ತ ಒಸರುವುದು ಹೆಚ್ಚುತ್ತದೆ.

ರಕ್ತ ಬಂದರೆ: ಶುಚಿಯಾದ ಗಾಜ್ ಇಟ್ಟು ಗಡಿಯಾರ ನೋಡಿಕೊಂಡು 20 ನಿಮಿಷ ಗಟ್ಟಿಯಾಗಿ ಒತ್ತಿ. ಮಧ್ಯೆ ಎತ್ತಿ ‘ನಿಂತಿತಾ’ ಎಂದು ನೋಡಬೇಡಿ. ಪ್ರತಿ ಸಲ ಎತ್ತಿದಾಗಲೂ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ನಿಲ್ಲದಿದ್ದರೆ ಇನ್ನೊಂದು 20 ನಿಮಿಷ. ಆಗಲೂ ನಿಲ್ಲದಿದ್ದರೆ ಒತ್ತಿಕೊಂಡೇ ಹತ್ತಿರದ 24 ಗಂಟೆಯ ಆಸ್ಪತ್ರೆಗೆ ಹೊರಡಿ. ಆಪರೇಷನ್ ಮಾಡಿದ ಆಸ್ಪತ್ರೆಯೇ ಬೇಕೆಂದು ಯಲಹಂಕದಿಂದ ಹೊಸೂರು ರಸ್ತೆಗೆ ಟ್ರಾಫಿಕ್‌ನಲ್ಲಿ ಹೋಗಬೇಡಿ. ಗಾಯದ ಕೆಳಗೆ ಬೇಗ ಬೇಗ ಊದಿಕೊಂಡು, ಬಿಗಿದು, ಸಿಡಿಯುವಂಥ ನೋವು ಬಂದರೆ ಒಳಗೆ ರಕ್ತ ಕಟ್ಟಿದೆ ಎಂದರ್ಥ, ಅದೇ ದಿನ ತೋರಿಸಬೇಕು. ಕಣ್ಣಿನ ಸುತ್ತ ಹಾಗಾಗಿ ದೃಷ್ಟಿ ಮಬ್ಬಾದರೆ ಗಂಟೆಗಟ್ಟಲೆ ಕಾಯುವಂತಿಲ್ಲ.

ಎರಡು ದಿನದ ನಂತರ ವೈದ್ಯರು ಹೇಳಿದಂತೆ ದಿನಕ್ಕೊಮ್ಮೆ ಡ್ರೆಸ್ಸಿಂಗ್. ಕೈ ಸೋಪಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಿಂದ ಗಾಯ ಒರೆಸಿ. ಟ್ಯಾಂಕರ್ ನೀರು, ತೊಟ್ಟಿಯ ನೀರು ನೇರವಾಗಿ ಬೇಡ. ನಂತರ ವೈದ್ಯರು ಬರೆದ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ, ಮೇಲೆ ಗಾಜ್. ‘ಗಾಳಿಗೆ ಒಣಗಲಿ’ ಎನ್ನುವುದು ಹಳೆಯ ಮಾತು. ತೇವವಾಗಿಟ್ಟ ಗಾಯ ಬೇಗ ಮಾಯುತ್ತದೆ, ಹಕ್ಕಳೆ ಗಟ್ಟಿಯಾಗುವುದಿಲ್ಲ, ಕಲೆಯೂ ಕಡಿಮೆ. ಕಾಫಿಪುಡಿ, ಅರಿಶಿನ, ಬೂದಿ, ಬೇವಿನೆಣ್ಣೆ, ನೀರು ಬೆರೆಸದ ಡೆಟಾಲ್ ಯಾವುದನ್ನೂ ಹಾಕಬೇಡಿ. ಕಾಫಿಪುಡಿ ಹೊಲಿಗೆಯ ಸಂದಿನಲ್ಲಿ ಕೂತು ಕೀವಾಗುತ್ತದೆ, ಡೆಟಾಲ್ ಹೊಸ ಚರ್ಮವನ್ನೇ ಸುಡುತ್ತದೆ.

ಊಟದ ಪಥ್ಯ ಇನ್ನೊಂದು ದೊಡ್ಡ ತೊಡಕು. ಬದನೆಕಾಯಿ, ಕುಂಬಳಕಾಯಿ, ಬೇಳೆ, ಮೊಟ್ಟೆ ‘ನಂಜು’ ಎಂದು ಬಿಡಿಸಿ ಬರೀ ಗಂಜಿ, ತಿಳಿಸಾರಿನಲ್ಲಿ ಎರಡು ವಾರ ಇಟ್ಟರೆ ಗಾಯ ಮಾಯಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ಬೇಳೆ, ಮೊಳಕೆ ಹುರುಳಿ, ಮೊಸರು, ಮೊಟ್ಟೆ, ಮೀನು, ಕೋಳಿ, ಅಭ್ಯಾಸವಿದ್ದದ್ದನ್ನು ಚೆನ್ನಾಗಿ ತಿನ್ನಿಸಿ. ಜೊತೆಗೆ ನೆಲ್ಲಿಕಾಯಿ, ಸೀಬೆಹಣ್ಣು, ಕಿತ್ತಳೆ. ನಿಮಗೆ ಅಲರ್ಜಿ ಇರುವುದನ್ನು ಮಾತ್ರ ಬಿಡಿ.

ಸೋಂಕು ಕಾಣುವುದು ಸಾಮಾನ್ಯವಾಗಿ ನಾಲ್ಕನೇ ದಿನದಿಂದ ಏಳನೇ ದಿನದ ನಡುವೆ. ಕಡಿಮೆಯಾಗುತ್ತಿದ್ದ ನೋವು ಮತ್ತೆ ಹೆಚ್ಚುವುದು ಮೊದಲ ಸೂಚನೆ. ಕೆಂಪು ಹರಡುವುದು (ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಬಿಸಿ ಮತ್ತು ಗಟ್ಟಿತನವೇ ಗೊತ್ತಾಗುತ್ತದೆ), ಕೀವು, ವಾಸನೆ, 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿನ ಜ್ವರ ಇದ್ದರೆ ಅಂದೇ ಹೋಗಿ.

ಹಂತ 8: ಹೊಲಿಗೆ ಬಿಚ್ಚುವುದು

ಮುಖ 5ರಿಂದ 7 ದಿನ, ತಲೆ 7ರಿಂದ 10, ಎದೆ, ಬೆನ್ನು, ಕೈಕಾಲು 10ರಿಂದ 14, ಅಂಗಾಲು ಮೂರು ವಾರದವರೆಗೆ. ಮುಖದ ಹೊಲಿಗೆಯನ್ನು ‘ಇನ್ನೂ ನಾಲ್ಕು ದಿನ ಇರಲಿ’ ಎಂದು ಬಿಟ್ಟರೆ ದಾರದ ಗುರುತು ಏಣಿಯಂತೆ ಉಳಿಯುತ್ತದೆ. ಬಿಚ್ಚಿದ ದಿನ ಚರ್ಮಕ್ಕೆ ಬಲ ಬಂದಿರುವುದಿಲ್ಲ. ಎರಡು ವಾರದಲ್ಲಿ ಮೂಲಬಲದ ಹತ್ತನೇ ಒಂದು ಭಾಗವೂ ಇರುವುದು ಅನುಮಾನ. ಕೆಲವು ವಾರ ಮೈಕ್ರೋಪೋರ್ ಟೇಪ್ ಹಾಕಿ, ಎಳೆತ ತಪ್ಪಿಸಿ.

ಹಂತ 9: ರಿಪೋರ್ಟ್ ಕೈಗೆ ತೆಗೆದುಕೊಳ್ಳಿ

ತುಂಡಿನ ರಿಪೋರ್ಟ್ ಬರಲು ಸಾಮಾನ್ಯವಾಗಿ ಒಂದು ವಾರ, ಕೆಲವು ಸಲ ಎರಡು. ಹೊಲಿಗೆ ಬಿಚ್ಚುವ ದಿನಕ್ಕೆ ಬಂದಿಲ್ಲದಿದ್ದರೆ ಯಾವ ದಿನ, ಯಾವ ಕೊಠಡಿಯಲ್ಲಿ, ಯಾರನ್ನು ಕೇಳಬೇಕೆಂದು ಒಪಿಡಿ ಚೀಟಿಯ ಮೇಲೆ ಬರೆಸಿಕೊಳ್ಳಿ. ‘ಏನಾದ್ರೂ ಇದ್ರೆ ಅವರೇ ಫೋನ್ ಮಾಡ್ತಾರೆ’ ಎಂದು ನಂಬಿ ಕೂರಬೇಡಿ. ಇಲ್ಲಿ ತಪ್ಪಿಹೋದ ರೋಗಿಗಳು ಎರಡು ಮೂರು ವರ್ಷದ ಮೇಲೆ, ಅದೇ ಜಾಗದಲ್ಲಿ, ದೊಡ್ಡದಾದ ಗಂಟು ಹೊತ್ತು ವಾಪಸು ಬರುತ್ತಾರೆ.

ರಿಪೋರ್ಟಿನಲ್ಲಿ ನೋಡಬೇಕಾದ ಪದಗಳು ಕೆಲವೇ. ‘ಮಾರ್ಜಿನ್ಸ್ ಫ್ರೀ’ ಅಥವಾ ‘ಕ್ಲಿಯರ್’ ಎಂದರೆ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಎಷ್ಟು ಮಿ.ಮೀ. ದೂರದಲ್ಲಿದೆ ಎಂದೂ ಬರೆದಿರುತ್ತಾರೆ. ಪಕ್ಕದ ಅಂಚು ಮತ್ತು ತಳದ ಅಂಚು ಎರಡನ್ನೂ ಕೇಳಿ. ‘ಕ್ಲೋಸ್’ ಎಂದರೆ ಅಂಚಿಗೆ ತೀರಾ ಹತ್ತಿರ. ‘ಇನ್ವಾಲ್ವ್ಡ್’ ಅಥವಾ ‘ಪಾಸಿಟಿವ್’ ಎಂದರೆ ಅಂಚಿನಲ್ಲೇ ಇದೆ, ಒಳಗೆ ಉಳಿದಿರಬಹುದು. ಇಂಗ್ಲಿಷಿನ ‘ಪಾಸಿಟಿವ್’ ಕಂಡು ಸಮಾಧಾನಪಟ್ಟು ಫೈಲ್ ಮುಚ್ಚಿಟ್ಟವರಿದ್ದಾರೆ. ಇಲ್ಲಿ ಅದು ಒಳ್ಳೆಯ ಸುದ್ದಿಯಲ್ಲ. ‘ಪೆರಿನ್ಯೂರಲ್ ಇನ್ವೇಷನ್’ ಎಂದರೆ ನರದ ಗುಂಟ ಕ್ಯಾನ್ಸರ್ ಸಾಗಿದೆ. ಆಗ ವಿಕಿರಣ ಚಿಕಿತ್ಸೆಯ ಮಾತು ಬರಬಹುದು.

ಅಂಚು ಪಾಸಿಟಿವ್ ಬಂದರೆ ಅದು ಸರ್ಜನ್ನರ ತಪ್ಪೆಂದೇ ಅಲ್ಲ. ಕಣ್ಣಿಗೆ ಕಾಣದ ಬೇರಿನ ಲೆಕ್ಕ ಎಲ್ಲ ಸಲವೂ ಸಿಗುವುದಿಲ್ಲ. ಬಹುತೇಕ ಮತ್ತೊಮ್ಮೆ ಅಂಚು ತೆಗೆಯುತ್ತಾರೆ, ಆಗದ ಕಡೆ ವಿಕಿರಣ. ಎರಡನೇ ಸಲ ಎಂದರೆ ಬೇಸರವಾಗುತ್ತದೆ, ಸಹಜ. ಆದರೆ ‘ಬಂದಾಗ ನೋಡೋಣ’ ಎಂದು ಬಿಡುವುದಕ್ಕಿಂತ ಈಗಿನ ಎರಡನೇ ಆಪರೇಷನ್ ಚಿಕ್ಕದು.

ಹಂತ 10: ಮುಂದಿನ ತಿಂಗಳುಗಳು

ಗಾಯದ ಸುತ್ತ ಜೋಮು, ತುರಿಕೆ, ಇರುವೆ ಹರಿದಂಥ ಅನುಭವ ಹಲವು ತಿಂಗಳು ಇರುತ್ತದೆ. ಕಲೆ ಮೊದಲ ಎರಡು ಮೂರು ತಿಂಗಳು ಗಟ್ಟಿಯಾಗಿ, ಕಪ್ಪಾಗಿ ಇನ್ನೂ ಕೆಟ್ಟಂತೆ ಕಂಡು ಆಮೇಲೆ ಮೆತ್ತಗಾಗುತ್ತದೆ. ಪೂರ್ತಿ ತಿಳಿಯಾಗಲು ಒಂದು ವರ್ಷ ಬೇಕು. ಅಲ್ಲಿಯವರೆಗೆ ಕಲೆಯ ಬಗ್ಗೆ ತೀರ್ಮಾನ ಬೇಡ. ಗಾಯ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ದಿನಕ್ಕೆರಡು ಸಲ, ಎರಡು ಮೂರು ತಿಂಗಳು. ನಾಲ್ಕನೇ ವಾರದಿಂದ ದಿನಕ್ಕೆ ಎರಡು ಮೂರು ಸಲ, ಐದು ನಿಮಿಷ ಬೆರಳಿನಿಂದ ಒತ್ತಿ ನೀವುವುದು. ಎದೆ, ಭುಜ, ಕಿವಿಯ ಹಾಲೆಯಲ್ಲಿ ಕಲೆ ಗಾಯದ ಗಡಿ ದಾಟಿ ಉಬ್ಬಿ ಬೆಳೆದರೆ ಅದು ಕೀಲಾಯ್ಡ್. ಬೇಗ ತೋರಿಸಿದರೆ ಇಂಜೆಕ್ಷನ್‌ನಿಂದ ತಗ್ಗುತ್ತದೆ.

ಬೆಂಗಳೂರಿನ ತಂಪು ಮೋಸ ಮಾಡುತ್ತದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ; ಸೆಕೆ ಇಲ್ಲದ ದಿನವೂ ಅತಿನೇರಳೆ ಕಿರಣ ಬಲವಾಗಿಯೇ ಇರುತ್ತದೆ. ಮುಖದ ಬಿಸಿಸಿ, ಎಸ್‌ಸಿಸಿ ಆದವರು ಬೆಳಿಗ್ಗೆ 10ರಿಂದ 4ರವರೆಗೆ ಕೊಡೆ ಅಥವಾ ಅಗಲ ಅಂಚಿನ ಟೋಪಿ ಬಳಸಿ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಅನ್ನು ಎರಡು ಬೆರಳಿನುದ್ದ ತೆಗೆದುಕೊಂಡು ಮುಖ, ಕತ್ತಿಗೆ ಹಚ್ಚಿ. ಅಂಗಾಲಿನ ಮೆಲನೋಮಕ್ಕೂ ಬಿಸಿಲಿಗೂ ಸಂಬಂಧ ಕಡಿಮೆ. ಅದು ಆದವರಿಗೆ ಮುಖ್ಯ ತಪಾಸಣೆಯೇ.

ತಪಾಸಣೆಯ ಅಂದಾಜು: ಬಿಸಿಸಿಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಎಸ್‌ಸಿಸಿಗೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ. ಮೆಲನೋಮಕ್ಕೆ ಅದರ ಹಂತಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟು. ಮನೆಯಲ್ಲಿ ತಿಂಗಳಿಗೊಮ್ಮೆ ಸ್ನಾನದ ನಂತರ ಹಳೆಯ ಗಾಯ, ಅಂಗಾಲು, ಬೆರಳ ಸಂದು, ಉಗುರು ನೋಡಿಕೊಳ್ಳಿ. ನೆತ್ತಿಯನ್ನು ತಲೆಗೆ ಎಣ್ಣೆ ಹಚ್ಚುವವರು ನೋಡಲಿ. ಕತ್ತು, ಕಂಕುಳು, ತೊಡೆಸಂದಿನಲ್ಲಿ ಹೊಸ ಗಂಟು ಕೈಗೆ ಸಿಕ್ಕರೆ, ಕಲೆಯ ಮೇಲೆ ಹೊಸ ಕಪ್ಪು ಅಥವಾ ಒಡೆಯುವ ಹುಣ್ಣು ಕಂಡರೆ ಮುಂದಿನ ದಿನಾಂಕಕ್ಕೆ ಕಾಯದೆ ಆ ವಾರವೇ ಹೋಗಿ. ಹೋಗುವಾಗ ಹಳೆಯ ಫೋಟೊ, ಬಯಾಪ್ಸಿ ರಿಪೋರ್ಟ್, ಅಂಚಿನ ರಿಪೋರ್ಟ್ ಮೂರೂ ಫೈಲಿನಲ್ಲಿರಲಿ.